ಗುಲಾಬಿಯ ಝುಕಾಮ್‌ನಿಂದ ಜೀವಕೋಶಗಳ ಕರೆಯವರೆಗೆ



ನೆಗಡಿಗೆ ನಮ್ಮ ಮನೆಗಳಲ್ಲಿ ಉರ್ದುವಿನಲ್ಲಿ ‘ನಝ್ಲಾ-ಝುಕಾಮ್’ ಎನ್ನುತ್ತೇವೆ. ಕಷಾಯ ಕಾಯಿಸುತ್ತಾ ಅಜ್ಜಿ ಆಡುವ ಈ ‘ಝುಕಾಮ್’ ಎಂಬ ಪದಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿದ ವಯಸ್ಸಿದೆ ಎಂದರೆ ನೀವು ನಂಬುತ್ತೀರಾ? ಇಂದಿನ ಇರಾನಿನಲ್ಲಿರುವ ರಯ್ ಪಟ್ಟಣದ ಹಕೀಮ ಅಬೂಬಕರ್ ಮುಹಮ್ಮದ್ ಬಿನ್ ಝಕರಿಯಾ ಅರ್-ರಾಝಿ (ಸು. 865-925) ಬರೆದ ಒಂದು ಚಿಕ್ಕ ಅರಬಿ ಪ್ರಬಂಧದ ಶೀರ್ಷಿಕೆಯಲ್ಲೇ ಈ ಪದವಿದೆ. ವಸಂತ ಕಾಲದಲ್ಲಿ ಗುಲಾಬಿಯ ವಾಸನೆ ತೆಗೆದುಕೊಂಡಾಗ ಅಬೂ ಝೈದ್ ಅಲ್-ಬಲ್ಖಿ ಅವರಿಗೆ ಝುಕಾಮ್ ಏಕೆ ಆಗುತ್ತದೆ ಎಂಬುದೇ ಆ ಪ್ರಬಂಧದ ವಿಷಯ. ಅಬೂ ಝೈದ್ ಬಲ್ಖ್‌ನ ಹೆಸರಾಂತ ವಿದ್ವಾಂಸರು, ಭೂಗೋಳ ಶಾಸ್ತ್ರಜ್ಞರು.

ಗುಲಾಬಿ ತೋಟದಲ್ಲಿದೆ, ಮೂಗು ಮನುಷ್ಯನ ಮುಖದಲ್ಲಿದೆ. ಹೂವು ಯಾರಿಗೂ ಕೇಡು ಮಾಡುವ ವಸ್ತುವಲ್ಲ. ಸಾವಿರ ಜನ ಅದನ್ನು ಮೂಸಿ ಸಂತೋಷಪಡುತ್ತಾರೆ, ಒಬ್ಬನಿಗೆ ಮಾತ್ರ ಮೂಗು ಸೋರುತ್ತದೆ, ಕಣ್ಣು ಉರಿಯುತ್ತದೆ, ಉಸಿರು ಕಟ್ಟುತ್ತದೆ. ಏಕೆ? ಇಂದು ನಾವು ‘ಅಲರ್ಜಿ’ ಎಂದು ಕರೆಯುವ ಈ ತೊಂದರೆಯಲ್ಲಿ ದೇಹದೊಳಗಿನ ಕಣಗಳು ಮೂಗಿಗೂ ಶ್ವಾಸನಾಳಕ್ಕೂ ದಂಡೆತ್ತಿ ಬರುತ್ತವೆ. ಅವುಗಳಿಗೆ ದಾರಿ ತೋರಿಸುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಕ್ಕ ಇತಿಹಾಸವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ. ಆ ಉತ್ತರಕ್ಕೂ ನಮ್ಮ ಶಾಲೆಯ ಮಕ್ಕಳ ಚೀಲದಲ್ಲಿ ಇರಬೇಕಾದ ಒಂದು ಪುಟ್ಟ ಸಾಧನಕ್ಕೂ ಇರುವ ಸಂಬಂಧವನ್ನು ಕೊನೆಯಲ್ಲಿ ಹೇಳುತ್ತೇನೆ.

ಹಕೀಮರು ಕಂಡದ್ದು

ರಾಝಿ ರಯ್ ಮತ್ತು ಬಗ್ದಾದ್ ನಗರಗಳ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದವರು. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ವಿವರಿಸಿ ಗ್ರಂಥ ಬರೆದವರು. ಗ್ರೀಕ್ ವೈದ್ಯ ಗ್ಯಾಲೆನ್ನನನ್ನು (ಅರಬಿಯಲ್ಲಿ ಜಾಲೀನೂಸ್) ಗುರುವೆಂದು ಗೌರವಿಸುತ್ತಲೇ, ಅವನ ಮಾತುಗಳಲ್ಲಿ ತಮಗಿದ್ದ ಸಂಶಯಗಳನ್ನು ಒಂದು ಪ್ರತ್ಯೇಕ ಪುಸ್ತಕವಾಗಿಯೇ ಬರೆದರು. ಗುರುವಿನ ಮೇಲೆ ಗೌರವವೂ ಇರಬೇಕು, ಕಣ್ಣಿಗೆ ಕಂಡದ್ದನ್ನು ಹೇಳುವ ಧೈರ್ಯವೂ ಇರಬೇಕು ಎಂಬುದು ಅವರ ಮಾರ್ಗ.

ಗುಲಾಬಿಯ ಪ್ರಬಂಧದಲ್ಲಿ ಅವರು ಗುರುತಿಸಿದ್ದು ಮೂರು ಸಂಗತಿಗಳನ್ನು: ಒಬ್ಬ ನಿರ್ದಿಷ್ಟ ವ್ಯಕ್ತಿ, ಒಂದು ನಿರ್ದಿಷ್ಟ ಋತು, ಒಂದು ನಿರ್ದಿಷ್ಟ ವಸ್ತು. ಇಂದಿಗೂ ಅಲರ್ಜಿ ತಜ್ಞರು ರೋಗಿಯನ್ನು ಮೊದಲು ಕೇಳುವುದು ಇದನ್ನೇ: ಯಾವಾಗ ಆಗುತ್ತದೆ, ಎಲ್ಲಿ ಆಗುತ್ತದೆ, ಯಾವುದು ಹತ್ತಿರ ಬಂದಾಗ ಆಗುತ್ತದೆ? ರಾಝಿಯವರ ನಂತರ ಸುಮಾರು 1190ರಲ್ಲಿ ಈಜಿಪ್ಟಿನಲ್ಲಿದ್ದ ಯಹೂದಿ ವೈದ್ಯ ಮೂಸಾ ಬಿನ್ ಮೈಮೂನ್, ಉಬ್ಬಸದಿಂದ ನರಳುತ್ತಿದ್ದ ಒಬ್ಬ ಗಣ್ಯ ವ್ಯಕ್ತಿಗಾಗಿ ಅರಬಿ ಭಾಷೆಯಲ್ಲಿ ಒಂದು ಗ್ರಂಥವನ್ನೇ ಬರೆದರು.

ಆದರೆ ಇಲ್ಲಿ ನಾವು ಒಂದು ಎಚ್ಚರಿಕೆ ವಹಿಸಬೇಕು. ‘ಎಲ್ಲವೂ ನಮ್ಮ ಹಿರಿಯರ ಪುಸ್ತಕದಲ್ಲಿ ಇತ್ತು’ ಎಂದು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅದು ಸತ್ಯವಲ್ಲ. ಆ ಕಾಲದ ವೈದ್ಯರು ರೋಗವನ್ನು ದೇಹದ ನಾಲ್ಕು ರಸಗಳ ಏರುಪೇರು ಎಂದು ತಿಳಿದಿದ್ದರು. ಸೂಕ್ಷ್ಮದರ್ಶಕ ಇರಲಿಲ್ಲ, ಜೀವಕೋಶದ ಕಲ್ಪನೆ ಇರಲಿಲ್ಲ. ರಾಝಿಯವರು ನೋಡಿದ್ದನ್ನು ಸರಿಯಾಗಿ ನೋಡಿದರು. ಅದರ ಕಾರಣ ತಿಳಿಯಲು ಬೇಕಾದ ಉಪಕರಣ ಅವರ ಕೈಯಲ್ಲಿರಲಿಲ್ಲ. ಹಾಗೆಂದು ಅವರ ದೊಡ್ಡತನಕ್ಕೆ ಯಾವ ಕುಂದೂ ಇಲ್ಲ.

ಹೂವಿನ ಧೂಳು

ಮುಂದಿನ ದೊಡ್ಡ ಹೆಜ್ಜೆ ಬಿದ್ದದ್ದು ಇಂಗ್ಲೆಂಡಿನಲ್ಲಿ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್, ಪ್ರತಿ ಬೇಸಿಗೆಯಲ್ಲೂ ತಮ್ಮ ಕಣ್ಣು, ಮೂಗು ಮತ್ತು ಎದೆಯನ್ನು ಕಾಡುತ್ತಿದ್ದ ತೊಂದರೆಯನ್ನು ವೈದ್ಯರ ಸಭೆಯ ಮುಂದೆ ವಿವರಿಸಿದರು. ಮುಂದೆ ಇದಕ್ಕೆ ‘ಹೇ ಫೀವರ್’, ಅಂದರೆ ಒಣಹುಲ್ಲಿನ ಜ್ವರ, ಎಂಬ ಹೆಸರು ರೂಢಿಯಾಯಿತು. ಬಿಸಿಲೇ ಇದಕ್ಕೆ ಕಾರಣವೆಂದು ಬೊಸ್ಟಾಕ್ ಭಾವಿಸಿದ್ದರು.

ನಿಜವಾದ ಕಾರಣವನ್ನು ತೋರಿಸಿದವರು ಮ್ಯಾಂಚೆಸ್ಟರ್‌ನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ. ಅವರೂ ಇದೇ ರೋಗಕ್ಕೆ ತುತ್ತಾದವರು. ಹುಲ್ಲಿನ ಹೂವಿನ ಪರಾಗವನ್ನು ಮೂಗಿಗೆ ಹಾಕಿಕೊಂಡು ನೋಡಿದರು, ಚರ್ಮವನ್ನು ಸ್ವಲ್ಪ ಗೀರಿ ಅದರ ಮೇಲೆ ಪರಾಗ ಇಟ್ಟು ನೋಡಿದರು. ಅಂಟು ಹಚ್ಚಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಮೇಲಕ್ಕೆ ಹಾರಿಸಿ, ಆಕಾಶದಲ್ಲೂ ಪರಾಗ ತೇಲುತ್ತಿದೆ ಎಂದು ಎಣಿಸಿ ತೋರಿಸಿದರು. 1873ರಲ್ಲಿ ಅವರ ಪುಸ್ತಕ ಪ್ರಕಟವಾಯಿತು. ಹೊರಗಿನ ಅಪರಾಧಿ ಸಿಕ್ಕಿಬಿದ್ದ, ಆದರೆ ಮೂಗಿನ ಒಳಗೆ ಏನು ನಡೆಯುತ್ತದೆ ಎಂಬುದು ಇನ್ನೂ ಕತ್ತಲಲ್ಲೇ ಇತ್ತು.

ರಕ್ತನಾಳದಿಂದ ಹೊರಬಂದ ಕಣಗಳು

ಅದೇ ಕಾಲದಲ್ಲಿ ಜರ್ಮನಿಯಲ್ಲಿ ಬೇರೊಂದು ಸಂಶೋಧನೆ ಸಾಗಿತ್ತು. 1867ರಲ್ಲಿ ಜೂಲಿಯಸ್ ಕೋನ್‌ಹೈಮ್ ಕಪ್ಪೆಯ ತೆಳುವಾದ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಊತ ಬಂದ ಜಾಗದಲ್ಲಿ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು, ಗೋಡೆಯ ಮೂಲಕವೇ ನುಸುಳಿ ಹೊರಬರುವುದನ್ನು ಕಂಡರು. ಇವರಿಗಿಂತ ಮುಂಚೆಯೂ ಕೆಲವರು ಇದನ್ನು ನೋಡಿದ್ದರು. ಆದರೆ ಉರಿಯೂತದ ಕೀಲಿಕೈ ಇದೇ ಎಂದು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರು ಕೋನ್‌ಹೈಮ್.

ಹನ್ನೆರಡು ವರ್ಷಗಳ ನಂತರ, 1879ರಲ್ಲಿ, ಪೌಲ್ ಎರ್ಲಿಕ್ ಎಂಬ ಯುವ ವೈದ್ಯ ರಕ್ತದ ಲೇಪನಕ್ಕೆ ಬಟ್ಟೆಯ ಬಣ್ಣಗಳನ್ನು ಹಾಕಿ ನೋಡುತ್ತಿದ್ದರು. ‘ಇಯೊಸಿನ್’ ಎಂಬ ಕೆಂಪು ಬಣ್ಣವನ್ನು ಕೆಲವೇ ಕಣಗಳು ಆಸೆಯಿಂದ ಹೀರಿಕೊಂಡು ಹೊಳೆಯುತ್ತಿದ್ದವು. ಅವುಗಳಿಗೆ ‘ಇಯೊಸಿನೊಫಿಲ್’ ಎಂದು ಹೆಸರಿಟ್ಟರು. ಅದಕ್ಕೂ ಮುಂಚೆ, 1878ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ, ಹೊಟ್ಟೆತುಂಬ ಉಂಡಂತೆ ಕಾಣುವ, ಹರಳುಗಳಿಂದ ತುಂಬಿದ ಮತ್ತೊಂದು ಕೋಶವನ್ನೂ ಅವರು ‘ಮಾಸ್ಟ್ ಕೋಶ’ ಎಂದು ಕರೆದಿದ್ದರು. ಈ ಎರಡು ಹೆಸರುಗಳನ್ನು ನೆನಪಿಡಿ, ನಮ್ಮ ಕಥೆಯ ಮುಖ್ಯ ಪಾತ್ರಗಳು ಇವೇ. ಉಬ್ಬಸ ರೋಗಿಗಳ ಕಫದಲ್ಲಿ ಇಯೊಸಿನೊಫಿಲ್‌ಗಳು ಹಿಂಡುಹಿಂಡಾಗಿ ಇರುತ್ತವೆ ಎಂಬುದು ಮುಂದೆ ಬೆಳಕಿಗೆ ಬಂತು.

ಅವು ಅಲ್ಲಿಗೇ ಏಕೆ ಬರುತ್ತವೆ? ಉತ್ತರದ ಮೊದಲ ಎಳೆ ಸಿಕ್ಕಿದ್ದು ವೈದ್ಯರಿಗಲ್ಲ, ಒಬ್ಬ ಸಸ್ಯಶಾಸ್ತ್ರಜ್ಞರಿಗೆ! 1884ರಲ್ಲಿ ವಿಲ್ಹೆಲ್ಮ್ ಫೆಫರ್, ಜರೀಗಿಡದ ಗಂಡು ಕೋಶಗಳು ಮ್ಯಾಲಿಕ್ ಆಮ್ಲ ಇರುವ ಕಡೆಗೆ ಈಜಿ ಹೋಗುವುದನ್ನು ಕಂಡು, ರಾಸಾಯನಿಕದ ಸೆಳೆತಕ್ಕೆ ಒಳಗಾಗಿ ಚಲಿಸುವ ಈ ಗುಣಕ್ಕೆ ‘ಕೀಮೋಟ್ಯಾಕ್ಸಿಸ್’ ಎಂಬ ಹೆಸರು ಕೊಟ್ಟರು. 1888ರಲ್ಲಿ ಕಣ್ಣಿನ ವೈದ್ಯ ಥಿಯೋಡರ್ ಲೇಬರ್, ಮೊಲದ ಕಣ್ಣಿನಲ್ಲಿ ಬೂಷ್ಟು ಬೆಳೆದಾಗ ಬಿಳಿ ರಕ್ತಕಣಗಳು ದೂರದಿಂದ ಅದರತ್ತಲೇ ಸಾಗುವುದನ್ನು ನೋಡಿ, ಇದೂ ಅದೇ ರಾಸಾಯನಿಕ ಸೆಳೆತ ಎಂದು ಸಾರಿದರು. ಇದಕ್ಕೆ ಕೆಲವು ವರ್ಷ ಮುಂಚೆ, 1882ರಲ್ಲಿ, ಇಟಲಿಯ ಮೆಸ್ಸಿನಾದಲ್ಲಿ ರಷ್ಯಾದ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಯ ದೇಹಕ್ಕೆ ಮುಳ್ಳು ಚುಚ್ಚಿ, ಬೆಳಗಾಗುವಷ್ಟರಲ್ಲಿ ಕೋಶಗಳು ಮುಳ್ಳನ್ನು ಮುತ್ತಿರುವುದನ್ನು ಕಂಡಿದ್ದರು. 1908ರ ನೊಬೆಲ್ ಪ್ರಶಸ್ತಿಯನ್ನು ಎರ್ಲಿಕ್ ಮತ್ತು ಮೆಚ್ನಿಕಾಫ್ ಹಂಚಿಕೊಂಡರು.

‘ಅಲರ್ಜಿ’ ಎಂಬ ಪದ ಹುಟ್ಟಿತು

1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪೌಲ್ ಪೋರ್ಟಿಯೆ ಒಂದು ವಿಚಿತ್ರವನ್ನು ಪ್ರಕಟಿಸಿದರು. ಸಮುದ್ರಜೀವಿಯೊಂದರ ವಿಷವನ್ನು ಸ್ವಲ್ಪ ಪ್ರಮಾಣದಲ್ಲಿ ಪಡೆದು ಬದುಕಿದ್ದ ನಾಯಿಗೆ, ಕೆಲವು ವಾರಗಳ ನಂತರ ಮತ್ತೆ ಅತ್ಯಲ್ಪ ವಿಷ ಕೊಟ್ಟಾಗ ಅದು ಕೆಲವೇ ನಿಮಿಷಗಳಲ್ಲಿ ಸತ್ತುಹೋಯಿತು. ರಕ್ಷಣೆ ಸಿಗಬೇಕಾಗಿದ್ದ ಕಡೆ ಅಪಾಯ ಬಂದಿತ್ತು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, ದೇಹದ ಇಂತಹ ಬದಲಾದ ಪ್ರತಿಕ್ರಿಯೆಗೆ ಗ್ರೀಕ್ ಮೂಲದಿಂದ ‘ಅಲರ್ಜಿ’ ಎಂಬ ಪದವನ್ನು ಟಂಕಿಸಿದರು.

1910ರಲ್ಲಿ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್ಲಾ ‘ಹಿಸ್ಟಮಿನ್’ ಎಂಬ ರಾಸಾಯನಿಕದ ಪರಿಣಾಮಗಳನ್ನು ವಿವರಿಸಿದರು. ಈ ಹಿಸ್ಟಮಿನ್ ಇರುವುದು ಎರ್ಲಿಕ್ ಕಂಡಿದ್ದ ಮಾಸ್ಟ್ ಕೋಶದ ಹರಳುಗಳಲ್ಲೇ ಎಂದು 1953ರಲ್ಲಿ ರೈಲಿ ಮತ್ತು ವೆಸ್ಟ್ ತೋರಿಸಿದರು. ಆ ಹರಳುಗಳನ್ನು ಹೊರಚೆಲ್ಲಲು ಆಜ್ಞೆ ಕೊಡುವ ಪ್ರತಿಕಾಯ ಯಾವುದು? ಅದನ್ನು 1966ರಲ್ಲಿ ಅಮೆರಿಕದಲ್ಲಿ ಜಪಾನಿನ ಇಶಿಜಾಕ ದಂಪತಿಗಳೂ, 1967ರಲ್ಲಿ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಅವರೂ ಬೇರೆ ಬೇರೆಯಾಗಿ ಕಂಡುಹಿಡಿದರು. ಅದೇ ‘ಐಜಿಇ’. ರಕ್ತ ಪರೀಕ್ಷೆಯ ಚೀಟಿಯಲ್ಲಿ ನೀವು ಈ ಹೆಸರನ್ನು ನೋಡಿರಬಹುದು.

ಕರೆದವರು ಯಾರು?

ಈಗ ಉಳಿದದ್ದು ನಮ್ಮ ಮೂಲ ಪ್ರಶ್ನೆ. ಹಿಸ್ಟಮಿನ್ ನಿಮಿಷಗಳಲ್ಲಿ ಸೀನು ತರಿಸುತ್ತದೆ, ಸರಿ. ಆದರೆ ಹಲವು ಗಂಟೆಗಳ ನಂತರ ಬಂದು ಸೇರುವ ಇಯೊಸಿನೊಫಿಲ್‌ಗಳನ್ನು ಕರೆಯುವುದು ಯಾವುದು?

ಇದಕ್ಕೆ ಮೊದಲು ಅಳೆಯುವ ಸಾಧನ ಬೇಕಿತ್ತು. 1962ರಲ್ಲಿ ಆಸ್ಟ್ರೇಲಿಯದಲ್ಲಿ ಸ್ಟೀಫನ್ ಬಾಯ್ಡನ್ ಒಂದು ಸರಳ ಪೆಟ್ಟಿಗೆ ಮಾಡಿದರು. ಮಧ್ಯದಲ್ಲಿ ಸೂಕ್ಷ್ಮ ರಂಧ್ರಗಳ ಸೋಸುಹಾಳೆ, ಮೇಲೆ ಕೋಶಗಳು, ಕೆಳಗೆ ರಾಸಾಯನಿಕ. ಎಷ್ಟು ಕೋಶಗಳು ರಂಧ್ರದಲ್ಲಿ ನುಸುಳಿದವು ಎಂದು ಎಣಿಸಿದರೆ ಸೆಳೆತದ ಬಲ ತಿಳಿಯುತ್ತದೆ. 1977ರಲ್ಲಿ ಸ್ಯಾಲಿ ಜಿಗ್ಮಂಡ್ ಬಿಳಿ ರಕ್ತಕಣದ ಜಾಣತನವನ್ನು ಅಳೆದರು. ತನ್ನ ಮುಂಭಾಗಕ್ಕೂ ಹಿಂಭಾಗಕ್ಕೂ ನಡುವೆ ರಾಸಾಯನಿಕದ ಪ್ರಮಾಣದಲ್ಲಿ ಸುಮಾರು ಶೇ. 1ರಷ್ಟು ವ್ಯತ್ಯಾಸವಿದ್ದರೂ ಆ ಕಣ ದಿಕ್ಕನ್ನು ಗುರುತಿಸಬಲ್ಲದು. ಮದುವೆ ಮನೆಯ ಬಿರಿಯಾನಿಯ ವಾಸನೆ ಬೀದಿಯ ಯಾವ ತುದಿಯಲ್ಲಿ ಹೆಚ್ಚು, ಯಾವ ತುದಿಯಲ್ಲಿ ಕಡಿಮೆ ಎಂದು ನೋಡಿ ನಾವು ಮನೆ ಹುಡುಕುತ್ತೇವಲ್ಲ, ಹಾಗೆಯೇ ಇದು. ವ್ಯತ್ಯಾಸವೆಂದರೆ, ನಾವು ಬೀದಿಯುದ್ದಕ್ಕೂ ನಡೆದು ಹೋಲಿಸಬೇಕು, ಆ ಕಣ ನಿಂತಲ್ಲೇ ಹೋಲಿಸುತ್ತದೆ.

ಮುಂದೆ ಸಂಕೇತಗಳು ಒಂದೊಂದಾಗಿ ಸಿಕ್ಕವು. 1979ರಲ್ಲಿ ಸ್ವೀಡನ್ನಿನ ಬೆಂಗ್ಟ್ ಸ್ಯಾಮುಯೆಲ್ಸನ್ ಅವರ ತಂಡ ‘ಲ್ಯೂಕೋಟ್ರೈನ್’ಗಳಿಗೆ ಹೆಸರಿಟ್ಟಿತು. ಇವುಗಳಲ್ಲಿ ಕೆಲವು ಶ್ವಾಸನಾಳವನ್ನು ಹಿಂಡುತ್ತವೆ, ಕೆಲವು ಬಿಳಿ ರಕ್ತಕಣಗಳನ್ನು ಸೆಳೆಯುತ್ತವೆ. 1982ರ ನೊಬೆಲ್ ಪ್ರಶಸ್ತಿ ಪಡೆದ ಮೂವರಲ್ಲಿ ಅವರೂ ಒಬ್ಬರು. 1980ರ ದಶಕದ ಕೊನೆಯಲ್ಲಿ ‘ಕೀಮೊಕೈನ್’ ಎಂಬ ಚಿಕ್ಕ ಪ್ರೋಟೀನುಗಳ ಕುಟುಂಬ ಬೆಳಕಿಗೆ ಬಂತು. ಬೇರೆ ಬೇರೆ ಕೀಮೊಕೈನ್ ಬೇರೆ ಬೇರೆ ಜಾತಿಯ ಕಣಗಳನ್ನು ಕರೆಯುತ್ತದೆ.

ಇಯೊಸಿನೊಫಿಲ್‌ಗಳ ವಿಳಾಸ ಬರೆದ ಪತ್ರ ಸಿಕ್ಕಿದ್ದು 1994ರಲ್ಲಿ, ಲಂಡನ್ನಿನ ರಾಷ್ಟ್ರೀಯ ಹೃದಯ ಮತ್ತು ಶ್ವಾಸಕೋಶ ಸಂಸ್ಥೆಯಲ್ಲಿ. ಪೀಟರ್ ಜೋಸ್, ಟಿಮೊಥಿ ವಿಲಿಯಮ್ಸ್ ಮತ್ತು ಸಂಗಡಿಗರು ಅಲರ್ಜಿ ಬರಿಸಿದ ಗಿನಿಪಿಗ್‌ಗಳ ಶ್ವಾಸಕೋಶವನ್ನು ತೊಳೆದ ದ್ರವವನ್ನು ಸಂಗ್ರಹಿಸಿದರು. ಅದನ್ನು ಅಲರ್ಜಿ ಇಲ್ಲದ ಬೇರೆ ಗಿನಿಪಿಗ್‌ಗಳ ಚರ್ಮಕ್ಕೆ ಚುಚ್ಚಿದಾಗ, ಗುರುತು ಹಾಕಿ ಬಿಟ್ಟಿದ್ದ ಇಯೊಸಿನೊಫಿಲ್‌ಗಳು ಅಲ್ಲಿಗೆ ಬಂದು ಸೇರಿದವು. ಆ ದ್ರವವನ್ನು ಹಂತಹಂತವಾಗಿ ಬೇರ್ಪಡಿಸಿ ಒಂದೇ ಪ್ರೋಟೀನನ್ನು ಹಿಡಿದರು. ಅದರಲ್ಲಿದ್ದದ್ದು ಕೇವಲ 73 ಅಮೈನೋ ಆಮ್ಲಗಳು. ಅದಕ್ಕೆ ‘ಇಯೊಟ್ಯಾಕ್ಸಿನ್’ ಎಂದು ಹೆಸರಿಟ್ಟರು. 1996ರಲ್ಲಿ ಮನುಷ್ಯನ ಇಯೊಟ್ಯಾಕ್ಸಿನ್ನೂ, ಆ ಕರೆಯನ್ನು ಕೇಳಿಸಿಕೊಳ್ಳುವ ಕಣದ ‘ಕಿವಿ’ಯೂ (ಸಿಸಿಆರ್-3 ಎಂಬ ಗ್ರಾಹಕ) ಗೊತ್ತಾದವು.

ಒಂದು ಉಸಿರಿನಲ್ಲಿ ನಡೆಯುವುದು

ಇಷ್ಟನ್ನೂ ಜೋಡಿಸಿ ನೋಡೋಣ. ಅಲರ್ಜಿ ಇರುವ ಹುಡುಗನೊಬ್ಬ ಧೂಳನ್ನೋ ಪರಾಗವನ್ನೋ ಉಸಿರಿನಲ್ಲಿ ಎಳೆದುಕೊಳ್ಳುತ್ತಾನೆ. ಅವನ ಮಾಸ್ಟ್ ಕೋಶಗಳ ಮೇಲೆ ಮೊದಲೇ ಐಜಿಇ ಕುಳಿತಿದೆ. ಪರಾಗ ತಗುಲಿದೊಡನೆ ಹಿಸ್ಟಮಿನ್ ಚೆಲ್ಲುತ್ತದೆ, ಸೀನು ಬರುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಇದು ಮೊದಲ ಅಂಕ, ನಿಮಿಷಗಳ ಆಟ.

ಎರಡನೆಯ ಅಂಕ ಸದ್ದಿಲ್ಲದೆ ಸಾಗುತ್ತದೆ. ಟಿ-ಕೋಶಗಳು ಮತ್ತು ಅವುಗಳ ಜೊತೆಗಾರ ಕೋಶಗಳು ಇಂಟರ್‌ಲ್ಯೂಕಿನ್-5 ಎಂಬ ಸಂದೇಶವನ್ನು ಮೂಳೆಮಜ್ಜೆಗೆ ಕಳಿಸುತ್ತವೆ: ಇಯೊಸಿನೊಫಿಲ್‌ಗಳನ್ನು ಹೆಚ್ಚು ತಯಾರಿಸಿ, ಹೊರಗೆ ಬಿಡಿ. ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ಸಂದೇಶಗಳು ಶ್ವಾಸನಾಳದ ಒಳಪದರಕ್ಕೆ ಇಯೊಟ್ಯಾಕ್ಸಿನ್ ತಯಾರಿಸಲು ಹೇಳುತ್ತವೆ, ಅಲ್ಲಿನ ರಕ್ತನಾಳದ ಗೋಡೆಯನ್ನು ಅಂಟಾಗಿಸುತ್ತವೆ. ರಕ್ತದಲ್ಲಿ ಓಡುತ್ತಿದ್ದ ಕಣ ಗೋಡೆಗೆ ತಗುಲಿ ಉರುಳುತ್ತದೆ, ಇಯೊಟ್ಯಾಕ್ಸಿನ್ ಸೋಕಿದಾಗ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ನುಸುಳಿ ಹೊರಬರುತ್ತದೆ, ವಾಸನೆ ದಟ್ಟವಾದ ಕಡೆಗೆ ತೆವಳುತ್ತದೆ. ಇದು ನಾಲ್ಕರಿಂದ ಎಂಟು ಗಂಟೆಗಳ ನಂತರದ ಮಾತು. ಕಣಗಳು ಮುಖ್ಯವಾಗಿ ಜಂತುಹುಳುವಿನಂತಹ ಶತ್ರುಗಳಿಗೆಂದು ಇಟ್ಟುಕೊಂಡ ಆಯುಧಗಳನ್ನು ಅಲ್ಲಿ ಬಿಡುಗಡೆ ಮಾಡುತ್ತವೆ. ಶತ್ರು ಇಲ್ಲದಿರುವುದರಿಂದ ಏಟು ಬೀಳುವುದು ನಮ್ಮದೇ ಶ್ವಾಸನಾಳಕ್ಕೆ. ಹಗಲು ಧೂಳಿನಲ್ಲಿ ಆಡಿದ ಮಗು ರಾತ್ರಿ ಏದುಸಿರು ಬಿಡುವುದಕ್ಕೆ ಇದು ಒಂದು ಮುಖ್ಯ ಕಾರಣ. ಎಲ್ಲ ಉಬ್ಬಸವೂ ಅಲರ್ಜಿಯಿಂದಲೇ ಬರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಔಷಧಗಳ ದಾರಿ

ಈ ಜ್ಞಾನ ಪುಸ್ತಕದಲ್ಲೇ ಉಳಿಯಲಿಲ್ಲ. ಸಿರಿಯಾದ ಹಲಬ್ (ಅಲೆಪ್ಪೊ) ನಗರದಲ್ಲಿ 1922ರಲ್ಲಿ ಹುಟ್ಟಿದ ರೋಜರ್ ಆಲ್ಟುನ್ಯನ್ ಎಂಬ ವೈದ್ಯರು ಸ್ವತಃ ಉಬ್ಬಸ ರೋಗಿ. ಈಜಿಪ್ಟಿನ ಜನ ಹಿಂದಿನಿಂದ ಬಳಸುತ್ತಿದ್ದ ‘ಖಿಲ್ಲಾ’ ಎಂಬ ಗಿಡದ ಸಾರದಿಂದ ಆರಂಭವಾದ ಸಂಶೋಧನೆಯಲ್ಲಿ, ತಮಗೆ ತಾವೇ ಮತ್ತೆ ಮತ್ತೆ ಉಬ್ಬಸ ಬರಿಸಿಕೊಂಡು ಹೊಸ ಹೊಸ ವಸ್ತುಗಳನ್ನು ಪರೀಕ್ಷಿಸಿದರು. 1965ರಲ್ಲಿ ಸೋಡಿಯಂ ಕ್ರೋಮೊಗ್ಲೈಕೇಟ್ ಸಿಕ್ಕಿತು. ಮಾಸ್ಟ್ ಕೋಶಗಳು ಹರಳು ಚೆಲ್ಲದಂತೆ ಅದು ತಡೆಯುತ್ತದೆ. 1970ರ ದಶಕದ ಆರಂಭದಲ್ಲಿ ಉಸಿರಿನ ಮೂಲಕ ಸೇದುವ ಸ್ಟಿರಾಯ್ಡ್ ಔಷಧಗಳು ಬಂದವು. ಇವು ಇಯೊಟ್ಯಾಕ್ಸಿನ್ ಸೇರಿದಂತೆ ಅನೇಕ ಕರೆಗಳನ್ನು ಅವು ಹುಟ್ಟುವಲ್ಲಿಯೇ ತಗ್ಗಿಸುತ್ತವೆ. ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೊಲಿಜುಮಾಬ್ ಚುಚ್ಚುಮದ್ದಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆಗ ಸಿಕ್ಕ ಅನುಮತಿ ಇಯೊಸಿನೊಫಿಲ್ ಹೆಚ್ಚಾಗಿರುವ ತೀವ್ರ ಉಬ್ಬಸಕ್ಕೆ ಮಾತ್ರವಾಗಿತ್ತು.

ನಮಗೆ ಇದರಲ್ಲಿ ಏನು ಪಾಠ?

ಓದುಗರೇ, ಈಗ ಆ ಪುಟ್ಟ ಸಾಧನದ ವಿಷಯಕ್ಕೆ ಬರುತ್ತೇನೆ. ನನ್ನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಮೆಟ್ಟಿಲು ಹತ್ತಿ ಬಂದರೆ ಮಾತಾಡಲಾರದೆ ನಿಲ್ಲುತ್ತಿದ್ದಳು. ಪದ್ಯ ಓದು ಎಂದರೆ ಎರಡು ಸಾಲಿಗೆ ನಿಲ್ಲಿಸುತ್ತಿದ್ದಳು. ಸೋಮಾರಿ ಎಂದು ಒಮ್ಮೆ ನಾನೂ ಗದರಿದ್ದೆ. ಅವಳ ತಾಯಿಯನ್ನು ಕರೆಸಿದಾಗ ತಿಳಿಯಿತು, ವೈದ್ಯರು ಇನ್ಹೇಲರ್ ಬರೆದುಕೊಟ್ಟಿದ್ದಾರೆ, ಅದು ಮನೆಯ ಅಲಮಾರಿನಲ್ಲಿದೆ. “ಸಾರ್, ಹೆಣ್ಣು ಹುಡುಗಿ, ನಾಲ್ಕು ಜನ ನೋಡಿದರೆ ನಾಳೆ ಸಂಬಂಧ ಬರುವುದು ಹೇಗೆ? ಅಭ್ಯಾಸವಾಗಿಬಿಟ್ಟರೆ ಏನು ಗತಿ?” ಎಂದು ಆ ತಾಯಿ ಕಣ್ಣೊರೆಸಿಕೊಂಡರು. ನನ್ನ ಗದರಿಕೆಯ ನೆನಪಾಗಿ ನನಗೇ ನಾಚಿಕೆಯಾಯಿತು.

ಈ ಇತಿಹಾಸ ಓದಿದವರು ಆ ತಾಯಿಗೆ ಉತ್ತರ ಹೇಳಬಲ್ಲರು. ಅಲರ್ಜಿ ಶಾಪವಲ್ಲ, ಅಂಟುಜಾಡ್ಯವಲ್ಲ, ಬಲಹೀನತೆಯೂ ಅಲ್ಲ. ದೇಹದ ಕಾವಲುಗಾರರಿಗೆ ತಪ್ಪು ಕರೆ ಹೋಗಿದೆ, ಅಷ್ಟೆ. ಇನ್ಹೇಲರ್‌ನಲ್ಲಿ ಎರಡು ಬಗೆ. ಒಂದು ಬಿಗಿದ ನಾಳವನ್ನು ತಕ್ಷಣ ಸಡಿಲಿಸುತ್ತದೆ. ಇನ್ನೊಂದು, ವೈದ್ಯರು ದಿನಾಲೂ ಸೇದಲು ಹೇಳುವ ಸ್ಟಿರಾಯ್ಡ್, ಕಣಗಳನ್ನು ಕರೆಯುವ ಸಂಕೇತವನ್ನೇ ತಗ್ಗಿಸುತ್ತದೆ. ಮೊದಲನೆಯದರಿಂದ ಆರಾಮವಾಯಿತೆಂದು ಎರಡನೆಯದನ್ನು ಬಿಟ್ಟರೆ, ಎರಡನೆಯ ಅಂಕ ಒಳಗೆ ನಡೆಯುತ್ತಲೇ ಇರುತ್ತದೆ. ದಿನಾಲೂ ಬೇಕಾಗುವುದು ಚಟವಲ್ಲ, ಕನ್ನಡಕ ಹಾಕುವುದನ್ನು ಚಟ ಎನ್ನುತ್ತೇವೆಯೇ? ರಮಝಾನ್ ತಿಂಗಳಲ್ಲಿ ಇನ್ಹೇಲರ್ ಬಳಸುವ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ, ಆದರೆ ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ತಿಂಗಳು ಆರಂಭವಾಗುವ ಮುಂಚೆಯೇ ವೈದ್ಯರನ್ನೂ ನಿಮ್ಮ ಆಲಿಮರನ್ನೂ ಕೇಳಿ, ಔಷಧದ ಹೊತ್ತನ್ನು ಗೊತ್ತುಮಾಡಿಕೊಳ್ಳಿ. ತಾವಾಗಿಯೇ ನಿಲ್ಲಿಸಬೇಡಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಅಮೆರಿಕ ಖಂಡದಿಂದ ಬಂದು ನಮ್ಮ ನಾಡಿನ ಖಾಲಿ ಜಾಗಗಳನ್ನೆಲ್ಲ ಆವರಿಸಿದ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ನಿಮಗೆಲ್ಲ ಗೊತ್ತು. ಅದರ ಪರಾಗದಿಂದ ಬರುವ ಮೂಗಿನ ಅಲರ್ಜಿಯನ್ನು ಅಧ್ಯಯನ ಮಾಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಇದ್ದಾರೆ. ರಾಝಿಯವರಿಗೆ ಗುಲಾಬಿ, ಬ್ಲ್ಯಾಕ್ಲಿಯವರಿಗೆ ಹುಲ್ಲು, ನಮಗೆ ನಮ್ಮ ಶಾಲೆಯ ಕಾಂಪೌಂಡಿನ ಪಕ್ಕದ ಗಿಡ. ಯಾವ ತಿಂಗಳಲ್ಲಿ ಯಾರಿಗೆ ಸೀನು ಹೆಚ್ಚು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೂ ಸಾಕು, ಅದು ಹಕೀಮ ರಾಝಿಯವರ ದಾರಿಯಲ್ಲಿ ಇಟ್ಟ ಒಂದು ಹೆಜ್ಜೆಯೇ.

ಹಿರಿಯರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು. ಅವರು ನಿಲ್ಲಿಸಿದಲ್ಲಿಂದ ಕ್ರೈಸ್ತರು, ಯಹೂದಿಗಳು, ಜಪಾನಿನವರು, ಸ್ವೀಡನ್ನಿನವರು ಎಲ್ಲರೂ ಸೇರಿ ಮುಂದುವರಿಸಿದರು. ಇಲ್ಮ್ ಯಾರ ಮನೆಯ ಸ್ವತ್ತೂ ಅಲ್ಲ, ಕೇಳುವವನ ಸ್ವತ್ತು. ಆ ಸಾಲಿನಲ್ಲಿ ಮುಂದಿನ ಹೆಸರು ನಮ್ಮ ಮಕ್ಕಳದ್ದಾಗಲಿ. ಅಂದ ಹಾಗೆ, ಆ ವಿದ್ಯಾರ್ಥಿನಿಯ ಇನ್ಹೇಲರ್ ಈಗ ಅವಳ ಕಂಪಾಸ್ ಬಾಕ್ಸಿನ ಪಕ್ಕದಲ್ಲೇ ಇರುತ್ತದೆ. ಪದ್ಯವನ್ನು ಕೊನೆಯ ಸಾಲಿನವರೆಗೂ ಓದುತ್ತಾಳೆ.

ಅಲ್ಲಾಹನು ನಮ್ಮೆಲ್ಲರಿಗೂ ಉಪಯುಕ್ತವಾದ ಜ್ಞಾನವನ್ನೂ ಆರೋಗ್ಯವನ್ನೂ ಕರುಣಿಸಲಿ, ಆಮೀನ್.